ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗುತ್ತಿದ್ದರೆ: ಕಾರ್ಬುರೇಟರ್ ಬೈಕಿನ ಐಡ್ಲಿಂಗ್ ಸರಿಪಡಿಸುವ ಕ್ರಮ

"ಓಡಿಸುವಾಗ ಏನೂ ತೊಂದರೆ ಇಲ್ಲ, ಸಿಗ್ನಲ್‌ನಲ್ಲಿ ಎಕ್ಸಲರೇಟರ್ ಬಿಟ್ಟ ಕೂಡಲೇ ಗಾಡಿ ಆಫ್ ಆಗುತ್ತದೆ." "ಚೋಕ್ ಎಳೆದರೆ ಮಾತ್ರ ಓಡುತ್ತದೆ." "ಸ್ಲೋ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ." ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳು ಬಹುಪಾಲು ಫ್ಯುಯೆಲ್ ಇಂಜೆಕ್ಷನ್‌ಗೆ ಹೋದವು. ಆದರೆ ಅದಕ್ಕೂ ಹಿಂದಿನ ಸ್ಪ್ಲೆಂಡರ್, ಪಲ್ಸರ್, ಆರ್‌ಎಕ್ಸ್ 100, ಬುಲೆಟ್‌ಗಳು ಇನ್ನೂ ಮನೆ ಮನೆಯಲ್ಲಿವೆ, ದಿನವೂ ಕೆಲಸಕ್ಕೆ ಹೋಗಿಬರುತ್ತಿವೆ.

ಸ್ಲೋ, ಅಂದರೆ ಎಕ್ಸಲರೇಟರ್ ಬಿಟ್ಟಾಗಿನ ಎಂಜಿನ್ ಓಟ, ನಿಲ್ಲುತ್ತಿಲ್ಲ ಎಂದರೆ ಹೆಚ್ಚಿನವರು ಮೊದಲು ಕೈಹಾಕುವುದು ಸ್ಕ್ರೂಗಳಿಗೆ. ಅದು ತಪ್ಪು. ನಿನ್ನೆಯವರೆಗೆ ಸರಿಯಾಗಿದ್ದ ಗಾಡಿಯಲ್ಲಿ ಸ್ಕ್ರೂ ತಾನಾಗಿ ತಿರುಗಿರುವುದಿಲ್ಲ. ಎಲ್ಲೋ ಕಸ ಕಟ್ಟಿದೆ, ಎಲ್ಲೋ ಗಾಳಿ ಒಳನುಗ್ಗುತ್ತಿದೆ, ಇಲ್ಲವೇ ಯಾವುದೋ ಭಾಗ ಸವೆದಿದೆ. ಅದನ್ನು ಬಿಟ್ಟು ಸ್ಕ್ರೂ ತಿರುಗಿಸಿದರೆ ದೋಷ ಒಂದಿದ್ದದ್ದು ಎರಡಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಸ್ಕ್ರೂ ಕೊನೆಗೆ ಬರುತ್ತದೆ.

ಎಕ್ಸಲರೇಟರ್ ಬಿಟ್ಟಾಗ ಒಳಗೆ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಎಕ್ಸಲರೇಟರ್ ಪೂರ್ತಿ ಬಿಟ್ಟಾಗಲೂ ಎಂಜಿನ್ ಮೆಲ್ಲಗೆ ಓಡುತ್ತಿರುವುದೇ ಐಡ್ಲಿಂಗ್. ಗ್ಯಾರೇಜಿನಲ್ಲಿ ಇದಕ್ಕೆ 'ಸ್ಲೋ' ಎನ್ನುತ್ತಾರೆ. ಆಗ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬುರೇಟರಿನ ಸ್ಲೈಡ್, ಅಂದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಬಾಗಿಲು, ಹೆಚ್ಚೂ ಕಡಿಮೆ ಮುಚ್ಚಿರುತ್ತದೆ. ದೊಡ್ಡ ಜೆಟ್, ಅಂದರೆ ಮೇನ್ ಜೆಟ್, ಆಗ ಕೆಲಸ ಮಾಡುವುದೇ ಇಲ್ಲ. ಪೆಟ್ರೋಲ್ ಬರುವುದು ಪೈಲಟ್ ಜೆಟ್ ಎಂಬ ಸಣ್ಣ ಹಿತ್ತಾಳೆ ತುಂಡಿನಿಂದ. ಇದನ್ನೇ ಸ್ಲೋ ಜೆಟ್ ಎಂದೂ ಕರೆಯುತ್ತಾರೆ. ಕೀಹಿನ್ ಕಾರ್ಬುರೇಟರಿನಲ್ಲಿ ಇದರ ಮೇಲೆ 38 ಎಂದು ಬರೆದಿದ್ದರೆ ತೂತಿನ ಅಗಲ ಸುಮಾರು 0.38 ಮಿ.ಮೀ. ಎಂದರ್ಥ. ಟ್ಯಾಂಕಿನ ತುಕ್ಕಿನ ಒಂದು ಕಣ, ಒಣಗಿದ ಪೆಟ್ರೋಲಿನ ತೆಳು ಅಂಟು ಸಾಕು ಅದನ್ನು ಮುಚ್ಚಲು. ಓಡಿಸುವಾಗ ಚೆನ್ನಾಗಿದ್ದ ಗಾಡಿ ನಿಂತಾಗ ಮಾತ್ರ ಆಫ್ ಆಗುವುದು ಇದಕ್ಕೇ.

ಇನ್ನೆರಡು ಪದಗಳು. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾದರೆ 'ರಿಚ್', ಕಡಿಮೆಯಾದರೆ 'ಲೀನ್'.

ಬೇಕಾಗುವ ಸಾಮಾನು

8, 10, 12 ನಂಬರ್ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು), 400-500 ಮಿ.ಲೀ.ನ ಒಂದು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ, ಕಣ್ಣಿಗೆ ಕನ್ನಡಕ, ಒಂದು ಪಾರದರ್ಶಕ ಗಾಜಿನ ಬಾಟಲಿ, ಬಿಚ್ಚಿದ್ದನ್ನು ಇಡಲು ಅಗಲವಾದ ಸ್ಟೀಲ್ ತಟ್ಟೆ, ನೀರು ತುಂಬಿದ ಸ್ಪ್ರೇ ಬಾಟಲಿ, ಒಂದು ನೋಟ್‌ಬುಕ್.

ಸ್ಕ್ರೂಡ್ರೈವರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಜಪಾನಿ ವಿನ್ಯಾಸದ ಕಾರ್ಬುರೇಟರುಗಳಲ್ಲಿ ಇರುವುದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಮಾದರಿಯ ಪ್ಲಸ್ ಸ್ಕ್ರೂ. ನೋಡಲು ಮಾಮೂಲಿ ಸ್ಟಾರ್ ಸ್ಕ್ರೂನಂತೆಯೇ ಕಂಡರೂ ಸಾಮಾನ್ಯ ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ತಿರುಗಿಸಿದರೆ ಮೇಲಕ್ಕೆ ಜಾರಿ ತಲೆ ಸವೆಸುತ್ತದೆ. ಜೆಐಎಸ್ 2ನೇ ನಂಬರ್ ಒಂದು, ಜೆಟ್‌ನ ತಲೆಯ ಸೀಳಿಗೆ ಸರಿಯಾಗಿ ಕೂರುವ ಅಗಲದ ಮೈನಸ್ ಡ್ರೈವರ್ ಒಂದು ಇಟ್ಟುಕೊಳ್ಳಿ. ಹಿತ್ತಾಳೆ ಮೆದು. ಚಿಕ್ಕ ಡ್ರೈವರ್ ಹಾಕಿ ತಿರುಗಿಸಿದರೆ ಜೆಟ್ ತಲೆ ಹರಿದು ಹೋಗುತ್ತದೆ, ಆಮೇಲೆ ಅದನ್ನು ತೆಗೆಯುವುದು ದೊಡ್ಡ ಕೆಲಸ.

ಎಚ್ಚರಿಕೆ: ಬಯಲಿನಲ್ಲಿ ಅಥವಾ ಬಾಗಿಲು ತೆರೆದ ಜಾಗದಲ್ಲಿ ಕೆಲಸ ಮಾಡಿ. ಹತ್ತಿರ ಬೀಡಿ, ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಇರಬಾರದು. ಪೆಟ್ರೋಲ್ ಆವಿ ನೆಲದ ಮಟ್ಟದಲ್ಲಿ ಹರಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ, ಸೈಲೆನ್ಸರ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಹಂತ 1: ಲಕ್ಷಣ ಬರೆದುಕೊಳ್ಳಿ

ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿ ಏನು ಹೇಳುತ್ತಿದೆ ಎಂದು ಗಮನಿಸಿ.

- ಚೋಕ್ ಎಳೆದರೆ ಮಾತ್ರ ಓಡುತ್ತದೆ, ತೆಗೆದರೆ ಆಫ್: ಚೋಕ್ ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ, ಹಾಗಾಗಿ ಇದು ಪೆಟ್ರೋಲ್ ಸಾಲದ ಗುರುತು. ಪೈಲಟ್ ಜೆಟ್ ಕಟ್ಟಿದೆ ಅಥವಾ ಗಾಳಿ ಸೋರಿಕೆ ಇದೆ.
- ಎಕ್ಸಲರೇಟರ್ ಬಿಟ್ಟರೂ ಸ್ಲೋ ಕೂಡಲೇ ಇಳಿಯುವುದಿಲ್ಲ, ಮೇಲೇ ನಿಂತು ನಿಧಾನ ಇಳಿಯುತ್ತದೆ: ಲೀನ್. ಗಾಳಿ ಸೋರಿಕೆಯ ಗುರುತು. ಕೇಬಲ್ ಬಿಗಿಯಾಗಿದ್ದರೂ ಹೀಗಾಗಬಹುದು.
- ಸ್ಲೋ ತೀರಾ ಕೆಳಕ್ಕಿಳಿದು, ಗುಡುಗುಡು ಎಂದು ಆಫ್ ಆಗುತ್ತದೆ. ಹೊಗೆಯಲ್ಲಿ ಹಸಿ ಪೆಟ್ರೋಲ್ ವಾಸನೆ, ಪ್ಲಗ್ ಕಪ್ಪು: ರಿಚ್. ಚೋಕ್ ಪೂರ್ತಿ ಮುಚ್ಚಿಲ್ಲ, ಪೆಟ್ರೋಲ್ ಮಟ್ಟ ಕಾಯುವ ತೇಲುಗುಂಡು (ಫ್ಲೋಟ್) ಕೆಟ್ಟು ಓವರ್‌ಫ್ಲೋ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ.
- ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಮಾತ್ರ ಆಫ್: ಟ್ಯಾಪೆಟ್ ಬಿಗಿಯಾಗಿರಬಹುದು, ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕೈಕೊಡುತ್ತಿರಬಹುದು. ಕಾರ್ಬುರೇಟರ್ ಬಿಚ್ಚುವ ಮೊದಲೇ ಹಂತ 8 ನೋಡಿ.
- ಹತ್ತು ಹದಿನೈದು ನಿಮಿಷ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್: ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದೆ.

ಗಾಡಿಗೆ ಎಷ್ಟು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು, ಸ್ಲೋ ಇರಬೇಕು ಎಂಬುದು ಮಾಲೀಕರ ಕೈಪಿಡಿಯಲ್ಲಿರುತ್ತದೆ. 100-150 ಸಿಸಿ ಬೈಕುಗಳಿಗೆ ಸಾಮಾನ್ಯವಾಗಿ 1,300-1,500, ಬುಲೆಟ್‌ಗೆ ಸುಮಾರು 1,000.

ಹಂತ 2: ಬಿಚ್ಚದೆ ನೋಡಬಹುದಾದದ್ದು

ಚೋಕ್ ಲಿವರ್ ಕೆಳಗೆ ಇಳಿಸಿದರೆ ಸಾಲದು, ಕಾರ್ಬುರೇಟರಿನ ತುದಿಯಲ್ಲೂ ಅದು ಪೂರ್ತಿ ಹಿಂದಕ್ಕೆ ಬಂದಿದೆಯೇ ನೋಡಿ. ಹ್ಯಾಂಡಲ್‌ನಿಂದ ಕೇಬಲ್ ಬರುವ ಬೈಕುಗಳಲ್ಲಿ ಕೇಬಲ್ ಒಳಗೆ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುವುದುಂಟು.

ಎಕ್ಸಲರೇಟರ್ ಹಿಡಿಕೆಯಲ್ಲಿ ಕೇಬಲ್ ಎಳೆಯಲು ಶುರುವಾಗುವ ಮೊದಲು 2ರಿಂದ 6 ಮಿ.ಮೀ. ಸಡಿಲು ಇರಬೇಕು. ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ ಅನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಸದ್ದು ಬದಲಾದರೆ ದೋಷ ಕೇಬಲ್‌ನದು, ಅದು ಬಿಗಿಯಾಗಿದೆ ಅಥವಾ ತಪ್ಪು ದಾರಿಯಲ್ಲಿ ಹಾದುಹೋಗಿದೆ. ಇದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ತಿರುವಿನಲ್ಲಿ ತಾನಾಗಿ ರೇಸ್ ಆಗುವ ಗಾಡಿ ಅಪಾಯಕಾರಿ.

ಟ್ಯಾಂಕ್ ಮುಚ್ಚಳ ತೆರೆದು ಆಲಿಸಿ. 'ಸುಸ್' ಎಂದು ಗಾಳಿ ಒಳಹೋದರೆ ಮುಚ್ಚಳದ ಉಸಿರಾಟದ ತೂತು ಕಟ್ಟಿದೆ. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಗೆ ಗಾಳಿ ಬರದಿದ್ದರೆ ಪೆಟ್ರೋಲ್ ಹರಿಯುವುದು ನಿಲ್ಲುತ್ತದೆ.

ಹಂತ 3: ಪೆಟ್ರೋಲ್ ಪರೀಕ್ಷೆ

ಕಾರ್ಬುರೇಟರಿನ ತಳದಲ್ಲಿರುವ ಬಟ್ಟಲಿಗೆ ಫ್ಲೋಟ್ ಬೌಲ್ ಎನ್ನುತ್ತಾರೆ. ಅದರ ಅಡಿಯಲ್ಲಿ ಒಂದು ಡ್ರೈನ್ ಸ್ಕ್ರೂ, ಜೊತೆಗೊಂದು ಸಣ್ಣ ಪೈಪ್ ಇರುತ್ತದೆ. ಪೈಪ್ ತುದಿಯನ್ನು ಗಾಜಿನ ಬಾಟಲಿಗೆ ಇಳಿಬಿಟ್ಟು ಸ್ಕ್ರೂ ಸಡಿಲಿಸಿ. ಎಂಜಿನ್ ತಣ್ಣಗಿರಲಿ.

ಬಾಟಲಿಯನ್ನು ಬೆಳಕಿಗೆ ಹಿಡಿದು ಎರಡು ನಿಮಿಷ ಅಲುಗಿಸದೆ ಇಡಿ. ಒಳ್ಳೆಯ ಪೆಟ್ರೋಲ್ ತಿಳಿಯಾಗಿರುತ್ತದೆ. ತಳದಲ್ಲಿ ಕಂದು ಪುಡಿ ಕೂತರೆ ಟ್ಯಾಂಕ್ ಒಳಗೆ ತುಕ್ಕು. ತಳದಲ್ಲಿ ಬೇರೆ ಪದರವೋ ಪಾದರಸದಂತೆ ಉರುಳುವ ಗುಂಡುಗಳೋ ಕಂಡರೆ ನೀರು. ವಾಸನೆ ಮುಗ್ಗಲು ವಾರ್ನಿಷ್‌ನಂತಿದ್ದರೆ ಪೆಟ್ರೋಲ್ ಹಳತು.

ಎಥೆನಾಲ್ ಬಗ್ಗೆ ಬಹಳ ಜನ ಕೇಳುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಹಳೆಯ ಕಾರ್ಬುರೇಟರಿಗೆ ಇದರಿಂದ ಮೂರು ಪರಿಣಾಮ. ಮೊದಲನೆಯದು, ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಬೌಲ್‌ನಲ್ಲಿ ಕಾಣುವುದು ಇದೇ. ಎರಡನೆಯದು, ಇದಕ್ಕೆಂದು ಮಾಡದ ಹಳೆಯ ರಬ್ಬರ್ ಓ-ರಿಂಗ್ (ಸಂದಿ ಮುಚ್ಚುವ ಉಂಗುರ), ಪೈಪ್‌ಗಳು ಉಬ್ಬುತ್ತವೆ ಅಥವಾ ಗಡುಸಾಗುತ್ತವೆ. ಮೂರನೆಯದು, ಒಂದು ಗ್ರಾಂ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಗ್ರಾಂ ಸಾಕು. ಜೆಟ್ ಅದೇ, ತೂತು ಅದೇ. ಹಾಗಾಗಿ ಮಿಶ್ರಣ ತುಸು ಲೀನ್ ಆಗುತ್ತದೆ. ಮೊದಲೇ ಲೀನ್ ಅಂಚಿನಲ್ಲಿದ್ದ ಗಾಡಿ ಬೆಳಿಗ್ಗೆ ಸ್ಲೋ ನಿಲ್ಲದೆ ಸತಾಯಿಸುವುದಕ್ಕೆ ಇದೂ ಒಂದು ಕಾರಣ. ಮಿಶ್ರಣದ ಸ್ಕ್ರೂವನ್ನು ರಿಚ್ ಕಡೆಗೆ ಕಾಲು ಸುತ್ತಿನಿಂದ ಅರ್ಧ ಸುತ್ತು ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಅದು ಹಂತ 7ರಲ್ಲಿ, ಈಗಲ್ಲ.

ಹಂತ 4: ಏರ್ ಫಿಲ್ಟರ್ ಮತ್ತು ಪ್ಲಗ್

ಪೇಪರ್ ಫಿಲ್ಟರ್ ಕಪ್ಪಾಗಿದ್ದರೆ ಬದಲಿಸಿ, ತೊಳೆಯಬೇಡಿ. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆ ಅಥವಾ ಸೋಪಿನ ನೀರಿನಲ್ಲಿ ಹಿಂಡಿ ಒಣಗಿಸಿ, ಎಂಜಿನ್ ಆಯಿಲ್ ತುಸು ಸವರಿ ಮತ್ತೆ ಹಿಂಡಿ ಹಾಕಿ. ತಿರುಚಿ ಹಿಂಡಿದರೆ ಹರಿಯುತ್ತದೆ, ಅಂಗೈಗಳ ನಡುವೆ ಒತ್ತಿ. ಫಿಲ್ಟರ್ ತೆಗೆದಿಟ್ಟು ಟ್ಯೂನಿಂಗ್ ಮಾಡಬೇಡಿ, ಹಾಕಿದ ಮೇಲೆ ಲೆಕ್ಕವೆಲ್ಲ ಬದಲಾಗುತ್ತದೆ.

ಪ್ಲಗ್ ತುದಿ ಕಾಫಿಪುಡಿ ಬಣ್ಣವಿದ್ದರೆ ಸರಿ. ಒಣ ಮಸಿ ರಿಚ್, ಸುಣ್ಣದ ಬಿಳಿ ಲೀನ್, ಎಣ್ಣೆ ಜಿಡ್ಡಾದರೆ ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ತುದಿಯ ಅಂತರ ಸಾಮಾನ್ಯವಾಗಿ 0.6-0.9 ಮಿ.ಮೀ.; ನಿಮ್ಮ ಗಾಡಿಯದು ಕೈಪಿಡಿಯಲ್ಲಿದೆ. ಅನುಮಾನವಿದ್ದರೆ ಹೊಸ ಪ್ಲಗ್ ಹಾಕಿಯೇ ಮುಂದುವರಿಯಿರಿ.

ಹಂತ 5: ಗಾಳಿ ಸೋರಿಕೆ ಹುಡುಕಿ

ಕಾರ್ಬುರೇಟರ್ ಮತ್ತು ಎಂಜಿನ್ ನಡುವೆ ಒಂದು ಕೊಳವೆ ಇರುತ್ತದೆ. ಮ್ಯಾನಿಫೋಲ್ಡ್, ಗ್ಯಾರೇಜ್ ಮಾತಿನಲ್ಲಿ ಇನ್‌ಟೇಕ್ ಪೈಪ್. ರಬ್ಬರಿನದಾದರೆ ಎಂಜಿನ್ ಕಾವಿಗೆ ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಹೊರಗೆ ಕಾಣುವುದಿಲ್ಲ, ಬೆರಳಿನಿಂದ ಬಾಗಿಸಿದಾಗ ಬಾಯ್ದೆರೆಯುತ್ತದೆ. ಲೋಹದ್ದಾದರೆ ಎರಡೂ ತುದಿಯ ಓ-ರಿಂಗ್ ಚಪ್ಪಟೆಯಾಗಿರುತ್ತದೆ. ಓಡುವಾಗ ಇಲ್ಲಿಂದ ನುಸುಳುವ ಗಾಳಿ ಲೆಕ್ಕಕ್ಕಿಲ್ಲ, ಸ್ಲೋನಲ್ಲಿ ಅದೇ ದೊಡ್ಡ ಪಾಲಾಗುತ್ತದೆ.

ಪರೀಕ್ಷೆ ಹೀಗೆ: ಎಂಜಿನ್ ಸ್ಲೋನಲ್ಲಿ ಓಡುತ್ತಿರಲಿ. ಸ್ಪ್ರೇ ಬಾಟಲಿಯಿಂದ ಮ್ಯಾನಿಫೋಲ್ಡ್‌ನ ಎರಡೂ ಕೂಡುಗಳಿಗೆ ನೀರನ್ನು ತೆಳ್ಳಗೆ ಹಾಯಿಸಿ, ಪ್ಲಗ್ ಕ್ಯಾಪ್ ಮೇಲೆ ಬೀಳದಂತೆ. ಯಾವ ಜಾಗಕ್ಕೆ ನೀರು ಬಿದ್ದಾಗ ಸದ್ದು ಬದಲಾಗುತ್ತದೋ ಅಲ್ಲೇ ಸೋರಿಕೆ. ಕೆಲವರು ಇದಕ್ಕೆ ಕಾರ್ಬುರೇಟರ್ ಕ್ಲೀನರ್ ಬಳಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ.

ಮ್ಯಾನಿಫೋಲ್ಡ್‌ನಿಂದ ಹೊರಡುವ ಸಣ್ಣ ಪೈಪ್‌ಗಳನ್ನೂ ನೋಡಿ. ಹೊಗೆ ನಿಯಂತ್ರಣಕ್ಕೆಂದು ಸೈಲೆನ್ಸರ್ ಕಡೆಗೆ ಗಾಳಿ ಕಳಿಸುವ ವಾಲ್ವ್ ಹಲವು ಬೈಕುಗಳಲ್ಲಿದೆ. ಅದಕ್ಕೆ ಹೋಗುವ ಬೆರಳು ಗಾತ್ರಕ್ಕಿಂತ ತೆಳ್ಳನೆಯ ನಿರ್ವಾತ ಪೈಪ್ ತುದಿಯಲ್ಲಿ ಸೀಳಿದ್ದರೆ ಐಡ್ಲಿಂಗ್ ಕೆಡುತ್ತದೆ, ಎಕ್ಸಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ 'ಪಟ್ ಪಟ್' ಹೊಡೆಯುತ್ತದೆ.

ಬಿರುಕಿಗೆ ಎಂ-ಸೀಲ್, ಟೇಪು, ಸಿಲಿಕಾನ್ ಅಂಟು ಹಚ್ಚುವುದು ವ್ಯರ್ಥ. ಪೆಟ್ರೋಲ್ ಆವಿಗೆ ಮಾಮೂಲಿ ಸಿಲಿಕಾನ್ ಉಬ್ಬಿ, ತುಂಡಾಗಿ ಎಂಜಿನ್ ಒಳಕ್ಕೇ ಹೋಗುತ್ತದೆ. ಹೊಸ ರಬ್ಬರ್ ಹಾಕಿ.

ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಇಟ್ಟುಕೊಂಡವರಿಗೆ ಒಂದು ಮಾತು: ಮ್ಯಾನಿಫೋಲ್ಡ್ ಸರಿಯಿದ್ದೂ ಸ್ಲೋ ತಾನಾಗಿ ಏರುತ್ತಿದ್ದರೆ ಮ್ಯಾಗ್ನೆಟ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಸೋರುತ್ತಿರಬಹುದು. ಆ ಸ್ಥಿತಿಯಲ್ಲಿ ಗಾಡಿಯನ್ನು ವೇಗವಾಗಿ ಓಡಿಸಬೇಡಿ. ಲೀನ್ ಆಗಿ ಕಾದ ಪಿಸ್ಟನ್ ಸೀಜ್ ಆಗುತ್ತದೆ.

ಹಂತ 6: ಪೈಲಟ್ ಜೆಟ್ ಶುಚಿ ಮಾಡುವುದು

ಮೇಲಿನ ಎಲ್ಲವೂ ಸರಿಯಿದ್ದರೆ ಈಗ ಕಾರ್ಬುರೇಟರ್ ಇಳಿಸಿ. ಇದು ಆತುರ ಮಾಡುವ ಕೆಲಸವಲ್ಲ, ಎರಡು ಗಂಟೆ ಬಿಡುವು ಮಾಡಿಕೊಳ್ಳಿ.

1. ಪೆಟ್ರೋಲ್ ಕಾಕ್ ಆಫ್ ಮಾಡಿ, ಬೌಲ್ ಖಾಲಿ ಮಾಡಿ. ಪ್ರತಿ ಪೈಪ್ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಟಿಪಿಎಸ್ ಎಂಬ ಸೆನ್ಸರ್ ಇರುವ ಕಾರ್ಬುರೇಟರಾದರೆ ವಯರಿನ ಕನೆಕ್ಟರ್ ಮಾತ್ರ ಬಿಚ್ಚಿ. ಸೆನ್ಸರನ್ನು ಹಿಡಿದಿರುವ ಸ್ಕ್ರೂ ಮುಟ್ಟಬೇಡಿ.

2. ಕಾರ್ಬುರೇಟರನ್ನು ಹೊರಗೆ ಬ್ರಷ್‌ನಿಂದ ಉಜ್ಜಿ, ಒರೆಸಿ, ಆಮೇಲೆ ತೆರೆಯಿರಿ. ಹೊರಗಿನ ಮಣ್ಣು ಒಳಗೆ ಬಿದ್ದರೆ ಮಾಡಿದ್ದೆಲ್ಲ ದಂಡ.

3. ಈಗ ಮಿಶ್ರಣದ ಸ್ಕ್ರೂ ಹುಡುಕಿ. ದೇಹದ ಪಕ್ಕದಲ್ಲಿರುವ, ಸ್ಪ್ರಿಂಗ್ ಇರುವ ಸಣ್ಣ ಹಿತ್ತಾಳೆ ಸ್ಕ್ರೂ ಅದು. ಸ್ಲೈಡನ್ನು ಎತ್ತಿ ಹಿಡಿಯುವ ದಪ್ಪ ಐಡಲ್ ಸ್ಕ್ರೂ ಬೇರೆ, ಇದು ಬೇರೆ. ಮೆಲ್ಲಗೆ ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ, ಉದಾಹರಣೆಗೆ "ಒಂದೂಮುಕ್ಕಾಲು". ಬೆರಳಿಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಬಿಗಿದರೆ ಅದರ ಸೂಜಿಮೊನೆ ಮುರಿದು ತೂತಿನಲ್ಲೇ ಉಳಿಯುತ್ತದೆ, ಕಾರ್ಬುರೇಟರ್ ದೇಹವೇ ಹಾಳಾಗುತ್ತದೆ.

4. ಸ್ಕ್ರೂ ಹೊರತೆಗೆಯಿರಿ. ಎಂಜಿನ್ ಕಡೆಯ ಸ್ಕ್ರೂ ಆಗಿದ್ದರೆ ಅದರ ಜೊತೆ ಸ್ಪ್ರಿಂಗ್, ಪುಟ್ಟ ವಾಶರ್, ಅದಕ್ಕಿಂತ ಪುಟ್ಟ ಓ-ರಿಂಗ್ ಇರುತ್ತವೆ. ಓ-ರಿಂಗ್ ಹೆಚ್ಚಾಗಿ ತೂತಿನಲ್ಲೇ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದೆ ಸ್ಪ್ರೇ ಹೊಡೆದರೆ ಉಬ್ಬಿ ಹಾಳು. ಕಾಣದೆ ಕಳೆದರೆ ಆ ಸಂದಿಯಿಂದ ಗಾಳಿ ನುಗ್ಗಿ ಸ್ಲೋ ಎಂದೂ ಸರಿಹೋಗುವುದಿಲ್ಲ. ಎಷ್ಟೋ ಗಾಡಿಗಳು ಸರ್ವಿಸ್ ಆದ ಮೇಲೆಯೇ ಕೆಡುವುದು ಈ ಸಾಸಿವೆ ಗಾತ್ರದ ರಬ್ಬರಿನಿಂದ.

5. ಬೌಲ್ ಸ್ಕ್ರೂಗಳನ್ನು ಬಿಚ್ಚಿ, ಫ್ಲೋಟ್ ಪಿನ್ ಎಳೆದು ಫ್ಲೋಟ್ ಮತ್ತು ನೀಡಲ್ ತೆಗೆಯಿರಿ. ನೀಡಲ್‌ನ ಮೊನೆಯನ್ನು ಉಗುರಿನಿಂದ ಸವರಿ ನೋಡಿ. ಉಂಗುರದಂತೆ ಗೆರೆ ಬಿದ್ದಿದ್ದರೆ ಅದು ಪೆಟ್ರೋಲ್ ತಡೆಯುವುದಿಲ್ಲ, ಬದಲಿಸಿ.

6. ಮಧ್ಯದ ದೊಡ್ಡ ಜೆಟ್ ಮೇನ್, ಪಕ್ಕದ ಗುಂಡಿಯೊಳಗಿರುವುದು ಪೈಲಟ್. ಕೆಲವು ಕಾರ್ಬುರೇಟರುಗಳಲ್ಲಿ ಪೈಲಟ್ ಜೆಟ್ ಒತ್ತಿ ಕೂರಿಸಿದ್ದು, ಬಿಚ್ಚಲು ಬರುವುದಿಲ್ಲ. ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳು ಇಲ್ಲದಿದ್ದರೆ ಕೀಳಲು ಹೋಗಬೇಡಿ, ಜಾಗದಲ್ಲೇ ಶುಚಿ ಮಾಡಿ.

7. ಜೆಟ್ ಅನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಸರಿಯಾದ ಜೆಟ್‌ನಲ್ಲಿ ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಾಣುತ್ತದೆ. ಬೆಳಕೇ ಇಲ್ಲದಿದ್ದರೆ, ಅಥವಾ ಬೆಳಕು ಅರ್ಧಚಂದ್ರದಂತೆ ಕಂಡರೆ, ನೀವು ಹುಡುಕುತ್ತಿದ್ದ ಕಳ್ಳ ಸಿಕ್ಕಿದ. ಕ್ಲೀನರಿನಲ್ಲಿ ಹತ್ತಿಪ್ಪತ್ತು ನಿಮಿಷ ನೆನೆಸಿ. ಆಮೇಲೆ ವಿದ್ಯುತ್ ವಯರ್ ಒಳಗಿನ ತಾಮ್ರದ ಒಂದೇ ಎಳೆಯನ್ನು ತೂರಿಸಿ ಮೆಲ್ಲಗೆ ಹಿಂದೆ ಮುಂದೆ ಎಳೆಯಿರಿ. ತಾಮ್ರ ಹಿತ್ತಾಳೆಗಿಂತ ಮೆದು, ತೂತು ದೊಡ್ಡದಾಗುವುದಿಲ್ಲ. ಪಿನ್ನು, ಸೂಜಿ, ಸ್ಟೀಲ್ ತಂತಿ ಖಂಡಿತ ಬೇಡ. ಜೆಟ್‌ನ ಪಕ್ಕದ ಸಾಲು ತೂತುಗಳನ್ನೂ ಬಿಡಬೇಡಿ; ಪೆಟ್ರೋಲಿಗೆ ಗಾಳಿ ಬೆರೆಯುವುದು ಅಲ್ಲೇ.

8. ಜೆಟ್ ಶುಚಿಯಾದರೆ ಕೆಲಸ ಮುಗಿದಿಲ್ಲ, ದೇಹದೊಳಗಿನ ದಾರಿಯೂ ತೆರೆದಿರಬೇಕು. ಕನ್ನಡಕ ಹಾಕಿಕೊಳ್ಳಿ. ಪೈಲಟ್ ಜೆಟ್ ಇದ್ದ ಗುಂಡಿಗೆ ಸ್ಪ್ರೇ ನಳಿಕೆ ಇಟ್ಟು ಒತ್ತಿ. ಮಿಶ್ರಣದ ಸ್ಕ್ರೂ ತೂತಿನಿಂದ ಹೊರಬರಬೇಕು. ಅದನ್ನು ಬೆರಳಿನಿಂದ ಮುಚ್ಚಿದಾಗ ಕೊಳವೆಯೊಳಗೆ ಸ್ಲೈಡ್ ಹತ್ತಿರದ ಸಣ್ಣ ತೂತಿನಿಂದ ಚಿಮ್ಮಬೇಕು. ಏರ್ ಫಿಲ್ಟರ್ ಕಡೆಯ ಬಾಯಲ್ಲಿ ಕಾಣುವ ಸಣ್ಣ ಗಾಳಿ ತೂತಿಗೂ ಹೊಡೆಯಿರಿ. ಕೊನೆಗೆ ಗಾಳಿ. ಪಂಚರ್ ಅಂಗಡಿಯ ಕಂಪ್ರೆಸರ್ ಬಳಸುವುದಾದರೆ ಫ್ಲೋಟ್, ಓ-ರಿಂಗ್ ಎಲ್ಲ ಹೊರಗಿರಲಿ.

ಪಲ್ಸರ್‌ನಂಥ ಬೈಕಿನ ಸಿವಿ ಕಾರ್ಬುರೇಟರಿನಲ್ಲಿ, ಅಂದರೆ ಸ್ಲೈಡನ್ನು ಕೇಬಲ್ ಬದಲು ಗಾಳಿಯ ಒತ್ತಡವೇ ಎತ್ತುವ ಬಗೆಯಲ್ಲಿ, ಮೇಲಿನ ಮುಚ್ಚಳದಡಿ ತೆಳ್ಳನೆಯ ರಬ್ಬರ್ ಡಯಾಫ್ರಮ್ ಇರುತ್ತದೆ. ಅದಕ್ಕೆ ಕ್ಲೀನರ್ ತಾಗಿದರೆ ಹಿಗ್ಗಿ, ಮತ್ತೆ ಅಂಚಿನ ತೋಡಿನಲ್ಲಿ ಕೂರುವುದಿಲ್ಲ. ಮೊದಲೇ ತೆಗೆದು ಒಣಬಟ್ಟೆಯಲ್ಲಿ ಒರೆಸಿಡಿ.

ಜೋಡಿಸುವಾಗ ಫ್ಲೋಟ್ ಎತ್ತರ ನೋಡಿ. ಎಷ್ಟು ಮಿ.ಮೀ. ಎಂಬುದು ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಲೋಹದ ನಾಲಿಗೆ ಇರುವ ಫ್ಲೋಟ್ ಆದರೆ ಅದನ್ನು ಕೂದಲೆಳೆಯಷ್ಟು ಬಾಗಿಸಿ ಸರಿಪಡಿಸಬಹುದು. ಪೂರ್ತಿ ಪ್ಲಾಸ್ಟಿಕ್ ಆದರೆ ಬದಲಿಸುವುದೊಂದೇ ದಾರಿ. ಫ್ಲೋಟ್ ಅನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಅದು ತೂತಾಗಿದೆ, ತೇಲುವುದಿಲ್ಲ, ಹೀಗಾಗಿ ಓವರ್‌ಫ್ಲೋ. ಗಾಡಿಗೆ ಹಾಕಿದ ಮೇಲೆ ಕಾಕ್ ತೆರೆದು ಐದು ನಿಮಿಷ ಕಾಯಿರಿ. ಓವರ್‌ಫ್ಲೋ ಪೈಪಿನಿಂದ ಒಂದು ಹನಿಯೂ ಬೀಳಬಾರದು.

ಹಂತ 7: ಟ್ಯೂನಿಂಗ್

ಈಗ ಸ್ಕ್ರೂಗೆ ಬರೋಣ. ಮೊದಲು ನಿಮ್ಮದು ಯಾವ ಬಗೆ ಎಂದು ತಿಳಿಯಿರಿ, ಏಕೆಂದರೆ ಎರಡು ಬಗೆಗಳೂ ಒಂದಕ್ಕೊಂದು ತಿರುಗುಮುರುಗು. ಸ್ಕ್ರೂ ಸ್ಲೈಡ್‌ನಿಂದ ಏರ್ ಫಿಲ್ಟರ್ ಕಡೆಗಿದ್ದರೆ ಅದು ಏರ್ ಸ್ಕ್ರೂ, ಗಾಳಿಯನ್ನು ನಿಯಂತ್ರಿಸುತ್ತದೆ; ಒಳಕ್ಕೆ ತಿರುಗಿಸಿದರೆ ರಿಚ್. ಎಂಜಿನ್ ಕಡೆಗಿದ್ದರೆ ಅದು ಫ್ಯುಯೆಲ್ ಸ್ಕ್ರೂ. ಒಳಕ್ಕೆ ತಿರುಗಿಸಿದರೆ ಲೀನ್. ಇದನ್ನು ಅದಲು ಬದಲು ತಿಳಿದು ದಿನಗಟ್ಟಲೆ ಒದ್ದಾಡುವವರಿದ್ದಾರೆ.

1. ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ನಿಂತಲ್ಲೇ ರೇಸ್ ಕೊಟ್ಟು ಬಿಸಿ ಮಾಡಿದ್ದು ಲೆಕ್ಕಕ್ಕಿಲ್ಲ. ಚೋಕ್ ಪೂರ್ತಿ ಆಫ್.

2. ಮಿಶ್ರಣದ ಸ್ಕ್ರೂ ನೀವು ಬರೆದುಕೊಂಡ ಎಣಿಕೆಯಲ್ಲಿರಲಿ. ಎಣಿಕೆ ಗೊತ್ತಿಲ್ಲದಿದ್ದರೆ ತಳದಿಂದ ಎರಡು ಸುತ್ತು ಹೊರಗೆ ಎಂದು ಶುರು ಮಾಡಿ.

3. ಐಡಲ್ ಸ್ಕ್ರೂ ತಿರುಗಿಸಿ ಸ್ಲೋವನ್ನು ತುಸು ಮೇಲೆ, ಸುಮಾರು 1,600ಕ್ಕೆ ಇಡಿ. ಬುಲೆಟ್ ಆದರೆ 1,200.

4. ಮಿಶ್ರಣದ ಸ್ಕ್ರೂವನ್ನು ಒಂದು ಕಡೆಗೆ ಕಾಲು ಸುತ್ತು ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ. ಕೂಡಲೇ ಮತ್ತೆ ತಿರುಗಿಸಬೇಡಿ, ಎಂಜಿನ್ ಹೊಸ ಮಿಶ್ರಣಕ್ಕೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು. ಸದ್ದು ಏರಿದರೆ ಅದೇ ದಿಕ್ಕಿನಲ್ಲಿ ಮುಂದುವರಿಯಿರಿ. ಇಳಿಯಲು ಶುರುವಾದರೆ ಹಿಂದಕ್ಕೆ ಬನ್ನಿ. ಸ್ಲೋ ಅತಿ ಹೆಚ್ಚು, ಸದ್ದು ಅತಿ ಸಮವಾಗಿರುವ ಜಾಗವೇ ಸರಿಯಾದ ಜಾಗ.

5. ಐಡಲ್ ಸ್ಕ್ರೂ ಸಡಿಲಿಸಿ ಕೈಪಿಡಿಯ ಸ್ಲೋಗೆ ಇಳಿಸಿ. 4ನ್ನು ಇನ್ನೊಮ್ಮೆ ಮಾಡಿ, ಈ ಸಲ ಎಂಟನೇ ಒಂದು ಸುತ್ತಿನಂತೆ.

6. ಎಕ್ಸಲರೇಟರನ್ನು ಚಟ್ಟನೆ ತಿರುಗಿಸಿ ಬಿಡಿ. ಏರುವಾಗ ಮುಗ್ಗರಿಸಿದರೆ ತುಸು ಲೀನ್. ಬಿಟ್ಟಾಗ ಮೇಲೇ ತೂಗಿ ನಿಂತರೆ ಅದೂ ಲೀನ್. ಇಳಿಯುವಾಗ ಸ್ಲೋಗಿಂತಲೂ ಕೆಳಕ್ಕೆ ಕುಸಿದು ಮತ್ತೆ ಏರಿದರೆ ರಿಚ್.

ಆರ್‌ಪಿಎಂ ಮೀಟರ್ ಇಲ್ಲದ ಗಾಡಿಯಲ್ಲಿ ಕಿವಿಯೇ ಮೀಟರ್. ಬಿಸಿ ಎಂಜಿನ್ ಐದು ನಿಮಿಷ ಆಫ್ ಆಗದೆ ನಿಲ್ಲಬೇಕು, ಫಸ್ಟ್ ಗೇರ್ ಹಾಕಿದಾಗ ಗಾಡಿ ಮುಂದಕ್ಕೆ ಜಿಗಿಯಬಾರದು. ಆಫ್ ಆಗದಿರಲಿ ಎಂದು ಸ್ಲೋ ಜಾಸ್ತಿ ಇಟ್ಟುಕೊಂಡರೆ ಪೆಟ್ರೋಲ್ ಖರ್ಚು, ಗೇರ್ ಹಾಕುವಾಗ 'ಟಕ್' ಏಟು, ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಸಿಗದು. ಮೈಲೇಜ್ ಆಸೆಗೆ ತೀರಾ ಕಡಿಮೆ ಇಟ್ಟರೆ ಮೇಲಿನ ಭಾಗಗಳಿಗೆ ಆಯಿಲ್ ಸಾಕಷ್ಟು ಏರದು, ಬ್ಯಾಟರಿ ಚಾರ್ಜ್ ಆಗದು.

ಸ್ಕ್ರೂ ಎಲ್ಲಿ ನಿಂತಿತು ಎಂಬುದೂ ಒಂದು ಸುಳಿವು. ಫ್ಯುಯೆಲ್ ಸ್ಕ್ರೂ ಮೂರು ಸುತ್ತಿಗಿಂತ ಹೊರಗೆ ಬಂದರಷ್ಟೇ ಗಾಡಿ ಚೆನ್ನಾಗಿ ಓಡುತ್ತದೆ ಎಂದಾದರೆ ಪೈಲಟ್ ದಾರಿ ಇನ್ನೂ ಕಟ್ಟಿದೆ ಅಥವಾ ಗಾಳಿ ಸೋರಿಕೆ ಉಳಿದಿದೆ. ಮುಕ್ಕಾಲು ಸುತ್ತಿಗಿಂತ ಒಳಗೇ ಬೇಕು ಎಂದಾದರೆ ಎಲ್ಲಿಂದಲೋ ಹೆಚ್ಚಿನ ಪೆಟ್ರೋಲ್ ಬರುತ್ತಿದೆ: ಫ್ಲೋಟ್, ಚೋಕ್, ಅಥವಾ ಯಾರೋ ಹಾಕಿದ ದೊಡ್ಡ ಜೆಟ್. ಏರ್ ಸ್ಕ್ರೂಗೆ ಇದೇ ಮಾತನ್ನು ತಿರುಗಿಸಿ ಓದಿಕೊಳ್ಳಿ. ಮಿಶ್ರಣದ ಸ್ಕ್ರೂ ತಿರುಗಿಸಿದರೂ ಸದ್ದಿನಲ್ಲಿ ಏನೂ ಬದಲಾಗದಿದ್ದರೆ ಹಂತ 6ಕ್ಕೆ ಹಿಂದಿರುಗಿ, ದಾರಿ ತೆರೆದಿಲ್ಲ.

ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಗಾಡಿ ಬೆಂಗಳೂರಿಗೋ ಮಡಿಕೇರಿಗೋ ಬಂದರೆ ತುಸು ರಿಚ್ ಆಗಿ ಸ್ಲೋ ಇಳಿಯುವುದು ಸಹಜ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಮಡಿಕೇರಿ ಇನ್ನೂ ಮೇಲೆ. ಅಲ್ಲಿ ಗಾಳಿ ತೆಳು. ಅಲ್ಲೇ ನೆಲೆಸುವುದಾದರೆ ಈ ಹಂತವನ್ನು ಮತ್ತೆ ಮಾಡಿ. ಎರಡು ದಿನದ ಪ್ರವಾಸಕ್ಕೆ ಐಡಲ್ ಸ್ಕ್ರೂ ತುಸು ಏರಿಸಿದರೆ ಸಾಕು.

ಹಂತ 8: ಕಾರ್ಬುರೇಟರ್ ಸರಿಯಿದ್ದೂ ಸ್ಲೋ ನಿಲ್ಲದಿದ್ದರೆ

ಟ್ಯಾಪೆಟ್ ಎಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಅಂತರ. ಸಣ್ಣ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ.; ಇನ್‌ಟೇಕ್‌ಗೂ ಎಕ್ಸಾಸ್ಟ್‌ಗೂ ಬೇರೆ ಬೇರೆ ಇರಬಹುದು. ಟಕಟಕ ಸದ್ದು ಬರುವ ಸಡಿಲ ಟ್ಯಾಪೆಟ್‌ಗೆ ಜನ ಹೆದರುತ್ತಾರೆ, ನಿಜವಾಗಿ ಐಡ್ಲಿಂಗ್ ಕೆಡಿಸುವುದು ಸದ್ದೇ ಮಾಡದ ಬಿಗಿ ಟ್ಯಾಪೆಟ್. ಎಂಜಿನ್ ಕಾದು ಲೋಹ ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ಸ್ಲೋ ನಿಲ್ಲುವುದಿಲ್ಲ, ಕೊನೆಗೆ ವಾಲ್ವ್ ಸುಡುತ್ತದೆ. ರಾತ್ರಿಯಿಡೀ ತಣ್ಣಗಾದ ಎಂಜಿನ್‌ನಲ್ಲಿ, ಪಿಸ್ಟನ್ ಮೇಲಿದ್ದು ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ಮಾತ್ರ ಅಳೆಯಬೇಕು. ಫೀಲರ್ ಗೇಜ್ ತುಸು ಎಳೆತದೊಂದಿಗೆ ಜಾರಬೇಕು.

ಇಗ್ನಿಷನ್‌ನಲ್ಲಿ ಮೊದಲು ಪ್ಲಗ್ ಕ್ಯಾಪ್ ನೋಡಿ. ಹೆಚ್ಚಿನವು ವಯರಿನಿಂದ ತಿರುಗಿಸಿ ಬಿಚ್ಚಲು ಬರುತ್ತವೆ. ವಯರಿನ ತುದಿ ಹಸಿರುಗಟ್ಟಿದ್ದರೆ 5 ಮಿ.ಮೀ. ಕತ್ತರಿಸಿ ಮತ್ತೆ ತಿರುಗಿಸಿ ಕೂರಿಸಿ. ಕಿಡಿ ಪರೀಕ್ಷಿಸುವಾಗ ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗಿರಲಿ, ಇಲ್ಲದಿದ್ದರೆ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಸುಡಬಹುದು. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಕಾಂಟ್ಯಾಕ್ಟ್ ಪಾಯಿಂಟ್ ಇರುವ ಹಳೆಯ ಬುಲೆಟ್‌ನಲ್ಲಿ ಪಾಯಿಂಟ್ ಅಂತರ 0.35-0.40 ಮಿ.ಮೀ.ಗೆ ಇಡಿ. ಬಿಸಿಯಾದಾಗ ಮಾತ್ರ ಕಿಡಿ ಸಣಕಲಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಕಾಯಿಲ್ ಅಥವಾ ಕಂಡೆನ್ಸರ್ ಹೋಗಿದೆ.

ಸ್ಲೈಡ್ ಸವೆತವನ್ನೂ ನೋಡಿ. ಲಕ್ಷ ಕಿ.ಮೀ. ಸಮೀಪಿಸಿದ ಗಾಡಿಯಲ್ಲಿ ಸ್ಲೈಡ್ ಬೆರಳಿಗೆ ಲಟಲಟ ಅಲುಗಾಡುತ್ತದೆ; ಆ ಸಂದಿಯಿಂದ ಹೋಗುವ ಗಾಳಿಯನ್ನು ಯಾವ ಸ್ಕ್ರೂವೂ ಸರಿದೂಗಿಸದು. ಆಗ ಕಾರ್ಬುರೇಟರನ್ನೇ ಬದಲಿಸಿ. ನಿಮ್ಮ ಮಾದರಿಗೆಂದೇ ಮಾಡಿದ ಕಂಪನಿಯ ಕಾರ್ಬುರೇಟರ್ ತನ್ನಿ. ಅಗ್ಗದ ನಕಲಿಯಲ್ಲಿ ಜೆಟ್‌ನ ಮೇಲೆ ಬರೆದ ನಂಬರೂ ಒಳಗಿನ ತೂತೂ ಹೊಂದುವ ಭರವಸೆ ಇಲ್ಲ.

ಗಾಡಿ ನಿಲ್ಲಿಸಿ ಊರಿಗೆ ಹೋಗುವಾಗ

ಮೂರು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಆಫ್ ಮಾಡಿ, ಬೌಲ್‌ನ ಡ್ರೈನ್ ಸ್ಕ್ರೂ ತೆರೆದು ಖಾಲಿ ಮಾಡಿಬಿಡಿ. ಪೈಲಟ್ ಜೆಟ್‌ನಲ್ಲಿ ಅಂಟು ಕಟ್ಟುವುದು ಬೌಲ್‌ನಲ್ಲಿ ಉಳಿದ ಆ ಸ್ವಲ್ಪ ಪೆಟ್ರೋಲ್ ಒಣಗಿದಾಗಲೇ. ಟ್ಯಾಂಕ್ ಮಾತ್ರ ತುಂಬಿರಲಿ, ಖಾಲಿ ಜಾಗವಿದ್ದಷ್ಟೂ ಒಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ. ಕಾಕ್ ಮತ್ತು ಕಾರ್ಬುರೇಟರ್ ನಡುವೆ ಒಂದು ಪಾರದರ್ಶಕ ಪೆಟ್ರೋಲ್ ಫಿಲ್ಟರ್ ಹಾಕಿಸಿಕೊಳ್ಳಿ, ಮೇಲೆ ಬರೆದ ಬಾಣದ ಗುರುತು ಕಾರ್ಬುರೇಟರ್ ಕಡೆಗಿರಲಿ. ಅದರಲ್ಲಿ ಕಂದು ಪುಡಿ ಕಾಣತೊಡಗಿದ ದಿನ ಟ್ಯಾಂಕ್ ತೊಳೆಸಲು ಕೊಡಿ.